ಟೆರನೊಡಾನ್ ಬೆನ್ನೇರಿ ಹಾರಬಹುದಿತ್ತೇ?

ಪ್ರಶ್ನೆ: ‘ಆರ್ಕ್’ ವಿಡಿಯೊ ಗೇಮ್‌ನಲ್ಲಿ ಟೆರನೊಡಾನ್ ಎಂಬ, ಎಂದೋ ಅಳಿದುಹೋದ ಹಾರುವ ಸರೀಸೃಪವನ್ನು ಪಳಗಿಸಿ ಹಾರುತ್ತೇವೆ. ನಿಜದಲ್ಲಿ ಇದು ಸಾಧ್ಯವಿತ್ತೇ? – ಓದುಗರು, ಉಣಕಲ್

ಉತ್ತರ: ಪಳಗಿಸುವುದು ಆಗುತ್ತಿತ್ತೇನೋ, ಸವಾರಿಯಂತೂ ಆಗುತ್ತಿರಲಿಲ್ಲ. ಆಟದಲ್ಲಿ ಬೋಲಾ (ಭಾರ ಕಟ್ಟಿದ ಹಗ್ಗ) ಎಸೆದು ಕಾಲು ಕಟ್ಟಿ, ಮಂಪರು ಬಾಣದಿಂದ ಕೆಡವಿ, ಪ್ರಜ್ಞೆ ತಪ್ಪಿದ ಪ್ರಾಣಿಗೆ ತಾಳ್ಮೆಯಿಂದ ಮಾಂಸ ತಿನ್ನಿಸಿದರೆ ಅದು ನಿಮ್ಮದು. ನಿಜವಾದ ಪಳಗಿಸುವಿಕೆ ಇದಕ್ಕೆ ತದ್ವಿರುದ್ಧ: ಎಚ್ಚರವಿರುವ ಪ್ರಾಣಿಯೇ ಹಸಿವಿನಿಂದ ಬಳಿ ಬಂದು ಭಯ ಬಿಡಬೇಕು. ಗಿಡುಗವನ್ನು ಪಳಗಿಸುವುದೂ ಹೀಗೆಯೇ; ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಗ್ರಂಥ ಗಿಡುಗದ ಬೇಟೆಯನ್ನು ರಾಜವಿನೋದಗಳಲ್ಲಿ ಒಂದಾಗಿ ವಿವರಿಸುತ್ತದೆ. ಗಿಡುಗ ಹಕ್ಕಿ, ಟೆರನೊಡಾನ್ ಸರೀಸೃಪವಲ್ಲವೇ ಎನ್ನಬಹುದು. ಮೃಗಾಲಯದ ಮೊಸಳೆಗಳೂ ಆಹಾರದ ಆಸೆಗೆ ಪಾಲಕರ ಸೂಚನೆ ಕಲಿಯುತ್ತವೆ. ಹಾಗಾಗಿ ಆ ಆಕ್ಷೇಪ ನಿಲ್ಲುವುದಿಲ್ಲ.

ತೊಡಕಿರುವುದು ತೂಕದಲ್ಲಿ. ದೊಡ್ಡ ಟೆರನೊಡಾನ್ ರೆಕ್ಕೆ ಬಿಚ್ಚಿದರೆ 6 ಮೀಟರಿಗೂ ಹೆಚ್ಚು ಅಗಲ. ಆದರೂ ಹೆಚ್ಚಿನ ಅಂದಾಜುಗಳ ಪ್ರಕಾರ ಅದರ ತೂಕ 20ರಿಂದ 50 ಕಿಲೋ ಅಷ್ಟೇ. ಎಲುಬುಗಳು ಟೊಳ್ಳು, ಗೋಡೆ ಸುಮಾರು ಒಂದು ಮಿಲಿಮೀಟರ್ ದಪ್ಪ. ತನಗಿಂತ ಭಾರದ ಮನುಷ್ಯನನ್ನು ಹೊತ್ತು ಅದು ನೆಲ ಬಿಡಲಾರದು. ಕ್ವೆಟ್ಜಾಲ್‌ಕೋಟ್ಲಸ್ ಎಂಬ ಇನ್ನೊಂದು ಹಾರುವ ಸರೀಸೃಪ ಇನ್ನೂ ದೊಡ್ಡದಿತ್ತು, ನಿಜ. ಆದರೆ ದೇಹ ಹಿಗ್ಗಿದಂತೆ ತೂಕ ರೆಕ್ಕೆಯ ವಿಸ್ತಾರಕ್ಕಿಂತ ವೇಗವಾಗಿ ಏರುತ್ತದೆ, ಹೊರೆಗೆ ಉಳಿಯುವ ಶಕ್ತಿ ಕುಗ್ಗುತ್ತದೆ. ಆಟ ತಾಳ್ಮೆಯ ಬೆಲೆಯನ್ನು ಸರಿಯಾಗಿಯೇ ಕಲಿಸುತ್ತದೆ, ಭೌತವಿಜ್ಞಾನವನ್ನು ಮಾತ್ರ ಬೇರೆಡೆ ಕಲಿಯಬೇಕು.