ವೈಕಂ: ಬೀದಿಯ ಹಕ್ಕಿಗಾಗಿ ನಡೆದ ಸತ್ಯಾಗ್ರಹ

ಕೇರಳದ ವೈಕಂ ಮಹಾದೇವ ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಈಳವರು, ಪುಲಯರು ಮೊದಲಾದ ಜಾತಿಗಳವರು ಕಾಲಿಡುವಂತಿರಲಿಲ್ಲ. ಅದೇ ಬೀದಿಗಳಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ ಅಡ್ಡಿಯಿರಲಿಲ್ಲ. ತಿರುವಾಂಕೂರು ಸಂಸ್ಥಾನದ ಈ ನಿಷೇಧದ ವಿರುದ್ಧ 1924ರ ಮಾರ್ಚ್ 30ರಂದು ಸತ್ಯಾಗ್ರಹ ಆರಂಭವಾಯಿತು. ಟಿ. ಕೆ. ಮಾಧವನ್, ಕೆ. ಪಿ. ಕೇಶವ ಮೆನನ್, ಕೆ. ಕೇಳಪ್ಪನ್ ಅದರ ಮುಂದಾಳುಗಳು.

ಮೊದಲ ದಿನ ಒಬ್ಬ ಪುಲಯ, ಒಬ್ಬ ಈಳವ, ಒಬ್ಬ ನಾಯರ್ ಜೊತೆಯಾಗಿ ನಿಷೇಧದ ಗಡಿಯತ್ತ ನಡೆದರು. ನಾಯರ್ ಸ್ವಯಂಸೇವಕನಿಗೆ ಆ ಬೀದಿ ತೆರೆದೇ ಇತ್ತು. ಆದರೂ ಜೊತೆಗಾರರನ್ನು ಬಿಟ್ಟು ಆತ ಮುಂದೆ ಹೋಗಲಿಲ್ಲ, ಮೂವರೂ ಸೆರೆಯಾದರು. ತನಗಿರುವ ಸವಲತ್ತನ್ನು ಇಲ್ಲದವರಿಗಾಗಿ ಬಿಟ್ಟುಕೊಡುವ ಈ ನಡೆಯಲ್ಲೇ ಇಡೀ ಹೋರಾಟದ ನೀತಿ ಅಡಗಿದೆ. ಮುಂದಾಳುಗಳು ಜೈಲು ಸೇರಿದಾಗ ಪೆರಿಯಾರ್ ಇ. ವಿ. ರಾಮಸ್ವಾಮಿ ಬಂದು ಹೋರಾಟ ಮುನ್ನಡೆಸಿದರು, ಅವರೂ ಸೆರೆವಾಸ ಅನುಭವಿಸಿದರು. ಸರ್ಕಾರ ಬಂಧನ ನಿಲ್ಲಿಸಿ ದಾರಿಗೆ ಬೇಲಿ ಕಟ್ಟಿತು. ಸತ್ಯಾಗ್ರಹಿಗಳು ಬೇಲಿಯ ಮುಂದೆಯೇ ಉಳಿದರು. 1924ರ ಮಹಾಪೂರದಲ್ಲಿ ನೀರಿನಲ್ಲಿ ನಿಂತರೇ ಹೊರತು ಜಾಗ ಬಿಡಲಿಲ್ಲ.

ಬೇಲಿ ಹಾರುವುದನ್ನು ಗಾಂಧೀಜಿ ಒಪ್ಪಲಿಲ್ಲ. ಎದುರಾಳಿಯನ್ನು ಬಲದಿಂದ ಮಣಿಸಿದರೆ ಬೀದಿ ಸಿಗಬಹುದು, ಆದರೆ ಅವನ ಮನಸ್ಸು ಬದಲಾಗದು. ಕಷ್ಟವನ್ನು ತಾನೇ ಹೊತ್ತು ಅವನ ಅಂತಃಕರಣವನ್ನು ತಟ್ಟಬೇಕು ಎಂಬುದು ಅವರ ನಿಲುವು. ಈ ನಿಲುವು ಫಲ ಕೊಡಲಿಲ್ಲವೆನ್ನಲಾಗದು. ಮನ್ನತ್ತು ಪದ್ಮನಾಭನ್ ಅವರ ನೇತೃತ್ವದಲ್ಲಿ ಸವರ್ಣೀಯರೇ ವೈಕಂನಿಂದ ತಿರುವನಂತಪುರಕ್ಕೆ ಜಾಥಾ ಹೊರಟರು. ಬೀದಿಗಳನ್ನು ತೆರೆಯಬೇಕೆಂದು ಕೋರಿ, ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಸಹಿಗಳಿದ್ದ ಮನವಿಯನ್ನು ರಾಜಪ್ರತಿನಿಧಿ ಮಹಾರಾಣಿ ಸೇತುಲಕ್ಷ್ಮೀ ಬಾಯಿಯವರಿಗೆ ಸಲ್ಲಿಸಿದರು. ಆದರೆ 1925ರ ಫೆಬ್ರವರಿಯಲ್ಲಿ ಶಾಸನ ಸಭೆಯ ಮುಂದೆ ಬಂದ ನಿರ್ಣಯ 22-21ರಿಂದ, ಒಂದೇ ಮತದ ಅಂತರದಲ್ಲಿ ಬಿದ್ದುಹೋಯಿತು. ಮಾರ್ಚ್‌ನಲ್ಲಿ ಗಾಂಧೀಜಿ ಖುದ್ದಾಗಿ ಬಂದು ಸಂಪ್ರದಾಯಸ್ಥರ ಮುಖಂಡ ಇಂಡಂತುರುತ್ತಿ ನಂಬೂದಿರಿಯವರೊಡನೆ ವಾದಿಸಿದರೂ ಅವರು ಕರಗಲಿಲ್ಲ.

ನವೆಂಬರ್‌ನಲ್ಲಿ ರಾಜಿಯ ಮೇರೆಗೆ ಹೋರಾಟ ಮುಗಿಯಿತು. ಮೂರು ಬೀದಿಗಳು ತೆರೆದವು, ಪೂರ್ವದ ಬೀದಿ ಮುಚ್ಚಿಯೇ ಉಳಿಯಿತು. ಇದನ್ನು ಪೂರ್ಣ ಗೆಲುವು ಎನ್ನುವುದು ಸತ್ಯಕ್ಕೆ ದೂರ. ತಲೆಮಾರುಗಳಿಂದ ನೊಂದವರೇ ನೋಯಿಸಿದವರ ಮನಸ್ಸು ತಿರುಗುವವರೆಗೆ ಮತ್ತಷ್ಟು ಕಾಯಬೇಕೆನ್ನುವುದು ಅಹಿಂಸೆಯ ದಾರಿಯ ಅತಿ ಕಠಿಣವಾದ ಬೇಡಿಕೆ, ಆ ಬಗ್ಗೆ ಎದ್ದ ಆಕ್ಷೇಪ ನ್ಯಾಯವಾದುದೇ. ಆದರೂ ದೇವಾಲಯದ ಸುತ್ತಲಿನ ಬೀದಿ ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಇಡೀ ದೇಶದ ಮುಂದಿಟ್ಟದ್ದು ಈ ಹೋರಾಟ. ತಿರುವಾಂಕೂರಿನ ಸರ್ಕಾರಿ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದದ್ದು 1936ರ ನವೆಂಬರ್ 12ರ ರಾಜಘೋಷಣೆಯಿಂದ.