ತೆರೆಯಿಂದ ಪುಟಕ್ಕೆ ಬಂದ ಅಗ್ನಿತಾರೆ

ಚಿತ್ರಕಥಾ ಪುಸ್ತಕಗಳಲ್ಲಿ ಜನಿಸಿದ ವೀರರು ಮುಂದೆ ಚಲನಚಿತ್ರದ ತೆರೆಯನ್ನು ಏರುವುದು ಸಾಮಾನ್ಯ ಸಂಗತಿ. ಅಮೆರಿಕದ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಮೊದಲಾದವರೆಲ್ಲ ಈ ದಾರಿಯಲ್ಲಿಯೇ ನಡೆದವರು. ಇದಕ್ಕೆ ವಿರುದ್ಧವಾಗಿ, ಮೊದಲು ತೆರೆಯ ಮೇಲೆ ಕಾಣಿಸಿಕೊಂಡು, ಅನಂತರ ಪುಸ್ತಕವನ್ನು ಪ್ರವೇಶಿಸಿದವರು ವಿರಳ. ಅಂಥ ವಿರಳರಲ್ಲಿ ಫೈರ್‌ಸ್ಟಾರ್ ಒಬ್ಬಳು. ಈ ಹೆಸರಿಗೆ ಅಗ್ನಿತಾರೆ ಎಂದು ಅರ್ಥ.

1981ರ ಸೆಪ್ಟೆಂಬರ್ ತಿಂಗಳಿನಲ್ಲಿ ಅಮೆರಿಕದ ಎನ್.ಬಿ.ಸಿ. ದೂರದರ್ಶನ ಜಾಲವು ‘ಸ್ಪೈಡರ್‌ಮ್ಯಾನ್ ಅಂಡ್ ಹಿಸ್ ಅಮೇಜಿಂಗ್ ಫ್ರೆಂಡ್ಸ್’ ಎಂಬ ಕಾರ್ಟೂನ್ ಮಾಲೆಯನ್ನು ಆರಂಭಿಸಿತು. ಶನಿವಾರದ ಬೆಳಗ್ಗೆ ಮಕ್ಕಳಿಗಾಗಿ ಪ್ರಸಾರವಾಗುತ್ತಿದ್ದ ಈ ಮಾಲೆಯಲ್ಲಿ ಸ್ಪೈಡರ್‌ಮ್ಯಾನನಿಗೆ ಇಬ್ಬರು ಗೆಳೆಯರು ಬೇಕಾಗಿದ್ದರು. ಹಿಮವನ್ನು ಸೃಷ್ಟಿಸಬಲ್ಲ ಐಸ್‌ಮ್ಯಾನ್ 1963ರಿಂದಲೇ ಪುಸ್ತಕಗಳಲ್ಲಿದ್ದನು. ಹಿಮಕ್ಕೆ ಎದುರಾಗಿ ಬೆಂಕಿಯ ವೀರನಾದ ಹ್ಯೂಮನ್ ಟಾರ್ಚ್ ಹೊಂದುತ್ತಿದ್ದನು. ಆದರೆ ಅವನನ್ನು ಬಳಸುವ ಹಕ್ಕು ದೊರೆಯಲಿಲ್ಲ. ಆ ಕೊರತೆಯನ್ನು ತುಂಬಲು ಆಂಜೆಲಿಕಾ ಜೋನ್ಸ್ ಎಂಬ ಹೊಸ ತರುಣಿಯನ್ನು ಸೃಷ್ಟಿಸಲಾಯಿತು. ಅವಳೇ ಫೈರ್‌ಸ್ಟಾರ್. ಸೂಕ್ಷ್ಮತರಂಗಗಳನ್ನು ಹೊಮ್ಮಿಸಿ ಶಾಖವನ್ನು ಉಂಟುಮಾಡುವುದು, ಆ ಬಲದಿಂದಲೇ ಗಾಳಿಯಲ್ಲಿ ಹಾರುವುದು ಅವಳ ಶಕ್ತಿ. ಮೈಕ್ರೋವೇವ್ ಒಲೆಯಲ್ಲಿ ಆಹಾರವನ್ನು ಬಿಸಿಮಾಡುವುದೂ ಇದೇ ಬಗೆಯ ತರಂಗಗಳು.

ಕಾರ್ಟೂನಿನಲ್ಲಿ ಒಂದು ಕಥೆಗೆ ಅರ್ಧ ಗಂಟೆಯ ಅವಕಾಶ. ಅಷ್ಟರೊಳಗೆ ದುಷ್ಟನು ಬಂದು ಸೋತು ಹೋಗಬೇಕು. ಪುಸ್ತಕದ ರೀತಿಯೇ ಬೇರೆ. ಅಲ್ಲಿ ಚಲನೆಯಿಲ್ಲ, ಧ್ವನಿಯಿಲ್ಲ. ಒಂದು ಚೌಕಟ್ಟಿಗೂ ಮತ್ತೊಂದು ಚೌಕಟ್ಟಿಗೂ ನಡುವೆ ಇರುವ ತೆರಪನ್ನು ಓದುಗನು ತನ್ನ ಕಲ್ಪನೆಯಿಂದಲೇ ತುಂಬಿಕೊಳ್ಳಬೇಕು. ಚಿತ್ರದಲ್ಲಿರುವವರು ಬಾಯಿಬಿಟ್ಟು ಹೇಳದ ಮಾತನ್ನೂ ಅವರ ತಲೆಯ ಮೇಲಿನ ಮೋಡದಂಥ ಗುಳ್ಳೆಯಲ್ಲಿ ಬರೆಯಬಹುದು. ಓದುಗನು ಬೇಕೆನಿಸಿದ ಕಡೆ ನಿಲ್ಲಬಹುದು, ಹಿಂದಿರುಗಿ ನೋಡಬಹುದು.

ಫೈರ್‌ಸ್ಟಾರ್ ಪುಸ್ತಕಕ್ಕೆ ಬಂದದ್ದು ಎರಡು ಹೆಜ್ಜೆಗಳಲ್ಲಿ. 1981ರ ಡಿಸೆಂಬರ್ ಎಂದು ನಮೂದಿಸಿದ್ದ ಮಾರ್ವೆಲ್ ಪ್ರಕಾಶನದ ಒಂದು ಸಂಚಿಕೆ, ಕಾರ್ಟೂನಿನ ಕಥೆಯನ್ನೇ ಚಿತ್ರಪುಟಗಳಿಗೆ ಇಳಿಸಿತು. ಆದರೆ ಅದು ಪ್ರಕಾಶನದ ಮುಖ್ಯ ಕಥಾಪ್ರವಾಹಕ್ಕೆ ಸೇರಿದುದಾಗಿರಲಿಲ್ಲ. ಆ ಪ್ರವಾಹಕ್ಕೆ ಅವಳು ಕಾಲಿಟ್ಟದ್ದು 1985ರ ಮೇ ತಿಂಗಳ ‘ಅನ್‌ಕ್ಯಾನಿ ಎಕ್ಸ್‌ಮೆನ್’ 193ನೆಯ ಸಂಚಿಕೆಯಲ್ಲಿ. ಕ್ರಿಸ್ ಕ್ಲೇರ್ಮಾಂಟ್ ಬರೆದ ಈ ಕಥೆಯಲ್ಲಿ, ತೆರೆಯ ಮೇಲೆ ವೀರರ ಗೆಳತಿಯಾಗಿದ್ದವಳು ಅವರ ಎದುರು ಪಕ್ಷದಲ್ಲಿ ನಿಂತಿದ್ದಳು!

ಹೀಗೇಕೆ? ಉತ್ತರವನ್ನು 1986ರಲ್ಲಿ ನಾಲ್ಕು ಸಂಚಿಕೆಗಳಾಗಿ ಬಂದ ‘ಫೈರ್‌ಸ್ಟಾರ್’ ನೀಡಿತು. ಬರೆದವರು ಟಾಮ್ ಡಿಫಾಲ್ಕೊ, ಚಿತ್ರ ಬಿಡಿಸಿದವರು ಮೇರಿ ವಿಲ್‌ಶೈರ್. ಇಲ್ಲಿ ಆಂಜೆಲಿಕಾ ತಂದೆ ಮತ್ತು ಅಜ್ಜಿಯ ಆಶ್ರಯದಲ್ಲಿ ಬೆಳೆಯುವ ಸಂಕೋಚದ ಬಾಲಕಿ. ಸಹಪಾಠಿಗಳು ಅವಳನ್ನು ಅಪಹಾಸ್ಯ ಮಾಡುತ್ತಾರೆ. ಪ್ರೀತಿಯ ಅಜ್ಜಿ ತೀರಿಕೊಳ್ಳುತ್ತಾಳೆ. ಮಗಳ ವಿಚಿತ್ರ ಶಕ್ತಿಗೆ ಹೆದರಿದ ತಂದೆ ಅವಳನ್ನು ವಸತಿಶಾಲೆಗೆ ಕಳುಹಿಸುತ್ತಾನೆ. ಅಲ್ಲಿಯ ಮುಖ್ಯಸ್ಥೆ ಎಮ್ಮಾ ಫ್ರಾಸ್ಟ್ ಹೊರಗೆ ಮಮತೆಯನ್ನು ತೋರಿ, ಒಳಗೊಳಗೇ ಅವಳನ್ನು ಕೊಲೆಯ ಆಯುಧವನ್ನಾಗಿ ರೂಪಿಸುತ್ತಿರುತ್ತಾಳೆ. ನಿಜವು ತಿಳಿದಾಗ ಹುಡುಗಿ ಅವಳನ್ನು ಎದುರಿಸಿ, ತಂದೆಯ ಮನೆಗೆ ಹಿಂದಿರುಗುತ್ತಾಳೆ.

ಮುಂದೆ 1990ರ ದಶಕದ ಕಥೆಗಳಲ್ಲಿ ಅವಳ ಶಕ್ತಿ ಅವಳ ದೇಹಕ್ಕೇ ಹಾನಿ ಮಾಡಬಲ್ಲುದೆಂಬ ಸಂಗತಿಯೂ ಹೊರಬಿತ್ತು. ಪರರ ರಕ್ಷಣೆಗಾಗಿ ಹೊತ್ತಿಸುವ ಬೆಂಕಿಗೆ ತಾನೇ ಬೆಲೆ ತೆರಬೇಕಾದ ಸ್ಥಿತಿ ಅವಳದಾಯಿತು.

ಬಣ್ಣ, ಚಲನೆ, ಧ್ವನಿಗಳನ್ನು ಫೈರ್‌ಸ್ಟಾರ್ ತೆರೆಯಿಂದ ಪಡೆದಳು. ನೋವು, ಸಂದೇಹ, ಆಯ್ಕೆಗಳನ್ನು ಪಡೆದದ್ದು ಪುಟದಿಂದ. ಶಕ್ತಿಯೊಂದೇ ಯಾರನ್ನೂ ವೀರರನ್ನಾಗಿ ಮಾಡದು; ಆಯುಧಕ್ಕೂ ಶಕ್ತಿಯುಂಟು. ತನ್ನ ಶಕ್ತಿಯನ್ನು ಯಾರು, ಯಾವ ಉದ್ದೇಶಕ್ಕಾಗಿ ಬಳಸುತ್ತಿದ್ದಾರೆಂದು ಕೇಳಿ, ಅನ್ಯಾಯಕ್ಕೆ ಒಲ್ಲೆನೆಂದ ದಿನವೇ ಆ ಬಾಲೆ ನಿಜವಾದ ಅಗ್ನಿತಾರೆಯಾದಳು.