ಬೇಸಿಗೆಯಲ್ಲೇ ನೋಡಬೇಕಾದ ದ್ವೀಪ

ಏಪ್ರಿಲ್-ಮೇ ರಜೆ ಬಂತೆಂದರೆ ಬೆಂಗಳೂರಿನ ಸಂಸಾರಗಳು ಊಟಿ, ಕೊಡಗು ಎಂದು ತಂಪು ಅರಸಿ ಹೊರಡುವುದು ವಾಡಿಕೆ. ದಾರಿಯಲ್ಲಿ ಸಿಗುವ ಶ್ರೀರಂಗಪಟ್ಟಣಕ್ಕೆ ಅವರು ಕೊಡುವುದು ಹೆಚ್ಚೆಂದರೆ ಎರಡು ಗಂಟೆ. ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಅಷ್ಟಕ್ಕೆ ಬಸ್ಸು ಮೈಸೂರಿನತ್ತ. ಸೇತುವೆ ದಾಟಿ ಒಂದು ದ್ವೀಪಕ್ಕೆ ಬಂದಿದ್ದೇವೆ ಎಂಬುದೇ ಅನೇಕರ ಗಮನಕ್ಕೆ ಬರುವುದಿಲ್ಲ. ಊರಿನ ಚರಿತ್ರೆಯೆಲ್ಲ ಇರುವುದು ಆ ದ್ವೀಪ ಎಂಬ ಮಾತಿನಲ್ಲಿ. ಅದು ಅರ್ಥವಾಗುವುದು ಹೊಳೆ ಬತ್ತಿ ಬಂಡೆಗಳು ತಲೆಯೆತ್ತುವ ಬೇಸಿಗೆಯಲ್ಲಿ.

ಊರಿನ ಪಶ್ಚಿಮಕ್ಕೆ ಕಾವೇರಿ ಎರಡಾಗಿ ಸೀಳಿ, ಸುಮಾರು ಐದು ಕಿಲೋಮೀಟರ್ ಹರಿದು, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಕೋಟೆ ಇರುವುದು ಪಶ್ಚಿಮದ ತುದಿಯಲ್ಲಿ. ರಾಜ ಒಡೆಯರು 1610ರಲ್ಲಿ ವಿಜಯನಗರದ ಪ್ರತಿನಿಧಿಯ ಕೈಯಿಂದ ಇದನ್ನು ಪಡೆದು ರಾಜಧಾನಿ ಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಮುಂಗಾರು ಹಿಡಿದರೆ ಹೊಳೆಯೇ ಕಂದಕ. ಆದರೆ ಈ ಕಂದಕಕ್ಕೆ ಒಂದು ದೋಷವುಂಟು: ವರ್ಷದಲ್ಲಿ ಕೆಲವು ತಿಂಗಳು ಅದು ಇರುವುದೇ ಇಲ್ಲ.

ಇಂಗ್ಲಿಷರು ಇದನ್ನು ಕಷ್ಟಪಟ್ಟೇ ಕಲಿತರು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಹತ್ತಿರದ ಅರಕೆರೆಯವರೆಗೆ ಬಂದ. ಅಲ್ಲಿನ ಕಾಳಗದಲ್ಲಿ ಅವನದೇ ಮೇಲುಗೈ. ಅಷ್ಟರಲ್ಲಿ ಮಳೆ ಹಿಡಿಯಿತು, ದವಸ ತೀರಿತು, ಎತ್ತುಗಳು ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಆತ ಹಿಂದಿರುಗಬೇಕಾಯಿತು. ಮರುವರ್ಷ ಅವನು ಬಂದದ್ದು ಫೆಬ್ರುವರಿಯಲ್ಲಿ! ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

1799ರಲ್ಲಿ ಜನರಲ್ ಹ್ಯಾರಿಸ್ ಏಪ್ರಿಲ್ ಮೊದಲ ವಾರದಲ್ಲೇ ಕೋಟೆಯ ಮುಂದೆ ಬೀಡುಬಿಟ್ಟ. ಇನ್ನೊಂದು ತಿಂಗಳು ತಡೆದರೆ ಹೊಳೆ ಏರುತ್ತದೆ ಎಂಬುದು ಒಳಗಿನವರ ಭರವಸೆ; ಅದಕ್ಕೆ ಮುಂಚೆ ಮುಗಿಸಬೇಕೆಂಬುದು ಹೊರಗಿನವರ ಆತುರ. ಅವರ ಪಾಳೆಯದಲ್ಲೂ ಅಕ್ಕಿ ಮುಗಿಯುತ್ತ ಬಂದಿತ್ತು. ಮೇ 4ರ ನಡುಹಗಲು, ಕಾವಲಿನವರು ಬಿಸಿಲಿಗೆ ವಿಶ್ರಮಿಸುವ ಹೊತ್ತು ನೋಡಿ, ಬೇರ್ಡ್ ಎಂಬ ಸೇನಾನಿ ಸೈನಿಕರನ್ನು ಹೊಳೆಗಿಳಿಸಿದ. ಕಾಲು ಕಿಲೋಮೀಟರಿನಷ್ಟು ಬಂಡೆ, ಮಡು, ತೆಳು ನೀರು. ಕೆಲವೇ ನಿಮಿಷಗಳಲ್ಲಿ ಅವರು ಒಡೆದ ಗೋಡೆಯ ಮೇಲಿದ್ದರು. ಸಂಜೆಯ ಹೊತ್ತಿಗೆ ಟಿಪ್ಪು ಹತನಾಗಿದ್ದ. ಆ ವರ್ಷವೇ ರಾಜಧಾನಿ ಮೈಸೂರಿಗೆ ಹೋಯಿತು.

ಆದ್ದರಿಂದ ಇಲ್ಲಿಗೆ ಬರುವವರು ಒಂದು ರಾತ್ರಿ ತಂಗುವಂತೆ ಬರುವುದು ಮೇಲು. ಬೆಂಗಳೂರಿನಿಂದ ಸುಮಾರು 125 ಕಿಲೋಮೀಟರ್, ಮೈಸೂರಿನಿಂದ ಹದಿನೈದಷ್ಟೆ. ಬೆಳಗಿನ ತಂಪಿನಲ್ಲಿ ಮೊದಲು ಹೋಗಬೇಕಾದದ್ದು ಯಾರೂ ಹೋಗದ ಕಡೆಗೆ, ಕೋಟೆಯ ಪಶ್ಚಿಮದ ಮೂಲೆಗೆ. ಅಲ್ಲಿ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಕಡೆಯವರ ನೆನಪಿಗೆ ನಿಲ್ಲಿಸಿದ ಕಂಬವಿದೆ. ಗೋಡೆಯ ಮೇಲೆ ನಿಂತು ಎದುರು ದಡ ನೋಡಿದರೆ ಪುಸ್ತಕದ ಹತ್ತು ಪುಟ ಹೇಳದ್ದು ಕಣ್ಣಿಗೆ ಕಾಣುತ್ತದೆ. ಈಗ ಮೇಲ್ಗಡೆ ಕೃಷ್ಣರಾಜಸಾಗರ ಇರುವುದರಿಂದ ಹೊಳೆಯ ಏರಿಳಿತ ಅಣೆಕಟ್ಟೆಯ ಬಾಗಿಲುಗಳ ಕೈಯಲ್ಲಿದೆ. ಬಂಡೆಗಳು ಮಾತ್ರ ಅವೇ.

ದೇವಸ್ಥಾನವನ್ನು ಹತ್ತು ಗಂಟೆಯೊಳಗೆ ಮುಗಿಸುವುದು ಒಳ್ಳೆಯದು. ಬರಿಗಾಲಿಗೆ ಅಂಗಳದ ಚಪ್ಪಡಿ ಆಮೇಲೆ ಕಾದ ಕಾವಲಿ. ಬಿಸಿಲೇರಿದಾಗ ದರಿಯಾ ದೌಲತ್ ತೋಟದ ನೆರಳು ಇದ್ದೇ ಇದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಮರದ ಬೇಸಿಗೆ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಅದರಲ್ಲಿ ಸೋತ ಇಂಗ್ಲಿಷ್ ದಳದಲ್ಲಿ ಇದೇ ಬೇರ್ಡ್ ಇದ್ದ. ಸೆರೆಸಿಕ್ಕು ಮೂರು ವರ್ಷಕ್ಕೂ ಹೆಚ್ಚು ಕಾಲ ಈ ಊರಿನಲ್ಲೇ ಬಂಧಿಯಾಗಿದ್ದ. ಬೆಳಗ್ಗೆ ಕೋಟೆಯ ಮೂಲೆ ನೋಡಿ ಬಂದವರಿಗೆ ಈ ಚಿತ್ರ ಬೇರೆಯೇ ಆಗಿ ಕಾಣುವುದು.

ಹೊತ್ತು ಇಳಿದ ಮೇಲೆ ಹೈದರ್, ಅವನ ಪತ್ನಿ ಮತ್ತು ಟಿಪ್ಪುವಿನ ಗೋರಿಗಳಿರುವ ಗುಂಬಜ್. ಅಲ್ಲಿಂದ ಮುಂದೆ ಸಂಗಮ. ನೀರು ಕಡಿಮೆಯೆಂದು ಮಕ್ಕಳನ್ನು ಇಳಿಸುವ ಮುನ್ನ ಊರಿನವರನ್ನು ಕೇಳಬೇಕು. ಬಂಡೆಗಳ ನಡುವಿನ ಮಡುಗಳ ಆಳ ಮೇಲಿನಿಂದ ತಿಳಿಯುವುದಿಲ್ಲ. ಮರುದಿನ ಬೆಳಗ್ಗೆ ರಂಗನತಿಟ್ಟಿನ ಹಕ್ಕಿಗಳನ್ನಾದರೂ ನೋಡಬಹುದು, ಹೊಳೆಯಾಚೆಯ ಕರಿಘಟ್ಟವನ್ನಾದರೂ ಹತ್ತಬಹುದು. ಗುಡ್ಡದ ಮೇಲಿನಿಂದ ದ್ವೀಪದ ಹಸಿರು ಚೆನ್ನಾಗಿ ಕಾಣುತ್ತದೆ.

ರೈಲಿನಲ್ಲಿ ಮರಳುವವರು ನಿಲ್ದಾಣದ ಬಳಿ ಟಿಪ್ಪುವಿನ ಕಾಲದ ಒಂದು ಶಸ್ತ್ರಾಗಾರವನ್ನು ಕಾಣಬಹುದು. ಎರಡನೆಯ ಹಳಿ ಹಾಕಲು ಅದು ಅಡ್ಡ ಬಂದಿತ್ತು. ಕೆಡವದೆ, 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದ್ದಾರೆ.